ಒರಟು ಕೈಗೆ ರೇಷ್ಮೆ ದಾರ

ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಮೂಡಿಗೆರೆಯ ಮಹಿಳಾ ತರಬೇತಿ ಕೇಂದ್ರದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಮಾಡಿದ ಕೈಕಸೂತಿ ಬೋಧಕಿಯ ಕೆಲಸಕ್ಕೆ ಹೊಸದಾಗಿ ಸೇರಿಕೊಂಡವರು. ಕಾಫಿ ಕುಡಿದರು, ಚಕ್ಕುಲಿ ತಿಂದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬಳು ಬಂದ ವಿಷಯ ಹೇಳಿದಳು.

"ಮೇಡಂ, ನಿಮ್ಮ ಹಳೇ ನೋಟ್ಸ್ ಇದ್ರೆ ಕೊಡ್ತೀರಾ? ಝೆರಾಕ್ಸ್ ಮಾಡ್ಸಿ ವಾಪಸ್ ತಂದ್ಕೊಡ್ತೀವಿ."

"ಬಚ್ಚಲ ಒಲೆಗೆ ಹಾಕ್ದೆ ಕಣಮ್ಮಾ. ನಾನು ರಿಟೈರಾದ ವರ್ಷ ಸೌದೆ ಎಲ್ಲ ಹಸಿ ಇತ್ತು."

ಇಬ್ಬರ ಮುಖವೂ ಸಪ್ಪಗಾಯಿತು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ, ಸ್ವಲ್ಪ ಹೊತ್ತು ಕಾದರು. ನಾನು ನಿಜವಾಗಿಯೂ ಸುಟ್ಟಿದ್ದೆ. ಅವರು ಹೋದ ಮೇಲೆ ಪಾಪ ಅನ್ನಿಸಿತು, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊಲಿಗೆಗಳನ್ನು ನಾನು ಕಲಿಸಬೇಕಾಗಿಲ್ಲ. ಈಗ ಫೋನಿನಲ್ಲಿ ಯಾರದೋ ಎರಡು ಕೈ ಬಂದು ಎಲ್ಲವನ್ನೂ ತೋರಿಸಿಕೊಡುತ್ತವೆ. ತಿಳಿಯದಿದ್ದರೆ ಹಿಂದಕ್ಕೆ ಎಳೆದು ಮತ್ತೆ ನೋಡಬಹುದು, ಆ ಕೈಗಳಿಗೆ ಸಿಟ್ಟು ಬರುವುದಿಲ್ಲ. ನನಗೆ ಬರುತ್ತಿತ್ತು. ಆದರೂ ಗೊತ್ತಿಲ್ಲದವರಿಗೆಂದು ಚುಟುಕಾಗಿ ಹೇಳುತ್ತೇನೆ. ಗೆರೆ ಎಳೆಯಲು ನಾಲ್ಕು ಹೊಲಿಗೆ ಬಂದರೆ ಸಾಕು. ಸೂಜಿ ಮುಳುಗುತ್ತ ಏಳುತ್ತ ನೇರ ಹೋದರೆ ರನ್ನಿಂಗ್. ಪ್ರತಿ ಸಲವೂ ಬಿಟ್ಟ ಜಾಗಕ್ಕೆ ಹಿಂದಿರುಗಿ ಮುಂದೆ ಹೋದರೆ ಬ್ಯಾಕ್ ಸ್ಟಿಚ್. ಹಗ್ಗ ಹೊಸೆದ ಹಾಗೆ ಒಂದರ ಹೆಗಲಿಗೆ ಇನ್ನೊಂದು ಒರಗುತ್ತ ಹೋದರೆ ಸ್ಟೆಮ್, ಬಳ್ಳಿಗೂ ಎಲೆಯ ತೊಟ್ಟಿಗೂ ಅದೇ. ಕುಣಿಕೆಯೊಳಗಿಂದ ಕುಣಿಕೆ ತೆಗೆದರೆ ಚೈನ್, ಅಜ್ಜಿಯಂದಿರ ಬಾಯಲ್ಲಿ ಸರಪಳಿ ಹೊಲಿಗೆ. ಗೆರೆಯ ಒಳಗನ್ನು ತುಂಬಲು ಸ್ಯಾಟಿನ್, ಎಂದರೆ ಈ ಅಂಚಿನಿಂದ ಆ ಅಂಚಿಗೆ ದಾರವನ್ನು ಒತ್ತೊತ್ತಾಗಿ ಮಲಗಿಸುವುದು. ಎಲೆ ದೊಡ್ಡದಾದರೆ ಒಂದು ಉದ್ದ, ಒಂದು ಗಿಡ್ಡ. ಹೂವಿನ ನಡುವಿಗೆ ಗಂಟು. ಗೆರೆ ಮೊದಲು, ತುಂಬುವುದು ಆಮೇಲೆ. ಬೇಲಿ ಹಾಕದೆ ಗಿಡ ನೆಟ್ಟರೆ ದನ ತಿನ್ನುತ್ತದೆ ಅಂದರೆ ತೋಟದ ಹೆಂಗಸರಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಇಷ್ಟೇ ವಿದ್ಯೆ, ಇದನ್ನು ಆರು ತಿಂಗಳು ಕಲಿಸುತ್ತಿದ್ದೆವು.

ಪುಸ್ತಕದಲ್ಲಿಲ್ಲದ ಪಾಠವನ್ನು ನಮ್ಮ ಮಳೆ ಕಲಿಸುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಪ್ರದರ್ಶನಕ್ಕೆಂದು ಬಿಳಿ ಮೇಜುಬಟ್ಟೆಯೊಂದನ್ನು ಮಾಡಿಸುತ್ತಿದ್ದೆ. ಶನಿವಾರ ಸಂಜೆ ಬಟ್ಟೆಯನ್ನು ಬಿಗಿಹಿಡಿಯುವ ಮರದ ರಿಂಗಿನಿಂದ ಬಿಚ್ಚದೆ ಹಾಗೇ ಬಿಟ್ಟು ಬೀಗ ಹಾಕಿದೆ. ಆ ವಾರ ಮಳೆ ಹಿಡಿದುಕೊಂಡಿತು. ದೇವರಮನೆ ಬೆಟ್ಟದ ಕಡೆಯ ರಸ್ತೆಗೆ ಮಣ್ಣು ಜರಿದು ಬಸ್ಸು ನಿಂತವು, ಕೇಂದ್ರಕ್ಕೂ ರಜೆ ಕೊಟ್ಟರು. ಐದು ದಿನ ಕಳೆದು ಬಾಗಿಲು ತೆಗೆದು ರಿಂಗು ಬಿಚ್ಚಿದರೆ ಬಟ್ಟೆಯ ನಟ್ಟನಡುವೆ ದುಂಡಗೆ ಬೂಷ್ಟು ಹಿಡಿದಿತ್ತು. ನಿಂಬೆಹಣ್ಣು ಹಾಕಿದೆವು, ಉಪ್ಪು ಹಾಕಿದೆವು. ಬಿಸಿಲಿಗೆ ಹಾಕಬೇಕಿತ್ತು, ಬಿಸಿಲಿರಲಿಲ್ಲ. ಕೊನೆಗೆ ಆ ಬೂಷ್ಟಿನ ಗುರುತಿನ ಮೇಲೆಯೇ ಚೈನ್ ಸ್ಟಿಚ್ಚಿನಲ್ಲಿ ಒಂದು ಹೂಮಾಲೆ ಸುತ್ತಿಸಿದೆ. ಅದಕ್ಕೆ ಬಹುಮಾನ ಬಂತು. ಈ ಮಾಲೆಯ ಡಿಸೈನು ಎಲ್ಲಿ ಸಿಕ್ಕಿತು ಎಂದು ಕೇಳಿದವರಿಗೆಲ್ಲ ಏನೇನೋ ಹೇಳಿದ್ದೇನೆ. ಅಂದಿನಿಂದ ರಿಂಗು ಬಿಚ್ಚದೆ ಮನೆಗೆ ಹೊರಟವರನ್ನು ಬಸ್ ಸ್ಟ್ಯಾಂಡಿನಿಂದ ವಾಪಸು ಕರೆಸಿದ್ದೂ ಉಂಟು.

ಚಿತ್ರವನ್ನು ಬಟ್ಟೆಗೆ ಇಳಿಸುವ ಕ್ರಮವೂ ಬದಲಾಗಿದೆ. ಆಗ ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯನ್ನು ಬಟ್ಟೆಯ ಉಂಡೆಯಿಂದ ಅದರ ಮೇಲೆ ಉಜ್ಜುತ್ತಿದ್ದೆವು. ತರಗತಿ ತುಂಬ ಸೀಮೆಎಣ್ಣೆಯ ವಾಸನೆ. ನನ್ನ ಸೆರಗಿಗೂ ಅದೇ ವಾಸನೆ ಇದ್ದದ್ದರಿಂದ ನಮ್ಮ ಮನೆಯವರು ಒಲೆಯ ಹತ್ತಿರ ಹೋಗಬೇಡ ಎಂದು ಹಾಸ್ಯ ಮಾಡುತ್ತಿದ್ದರು. ಈಗ ರೇಷನ್ನಿನಲ್ಲಿ ಸೀಮೆಎಣ್ಣೆಯೂ ಇಲ್ಲ, ಆ ಕೆಲಸವೂ ಇಲ್ಲ.

ನಮ್ಮ ಮೇಲ್ವಿಚಾರಕಿ ಜಯಲಕ್ಷ್ಮಮ್ಮನವರ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರ ಕೈಯಲ್ಲಿ ಯಾವಾಗಲೂ ಆರಿಂಚಿನ ಸ್ಟೀಲ್ ಸ್ಕೇಲು. ಇಂಚಿಗೆ ಎಂಟು ಹೊಲಿಗೆ ಇರಬೇಕು. ಏಳಾದರೆ ಬಿಚ್ಚು, ಒಂಬತ್ತಾದರೂ ಬಿಚ್ಚು. ಒಮ್ಮೆ ಒಬ್ಬಳು ಧೈರ್ಯ ಮಾಡಿ, "ಒಂಬತ್ತಾದ್ರೆ ಇನ್ನೂ ನಯ ಅಲ್ವಾ ಮೇಡಂ?" ಎಂದು ಕೇಳಿದಳು. "ಉಪ್ಪು ಜಾಸ್ತಿ ಆದ್ರೆ ಸಾರು ಇನ್ನೂ ರುಚಿ ಆಗುತ್ತಾ?" ಎಂದು ಅವರು ಸ್ಕೇಲಿನಿಂದಲೇ ಬಟ್ಟೆ ತಳ್ಳಿದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಎರಡು ಸಲ, ಎರಡು ಸಲವೂ ಯಾರೋ ಸೂಜಿ ಚುಚ್ಚಿಕೊಂಡಿದ್ದರು. ಕೊನೆಯ ಪರೀಕ್ಷೆಯ ತುಂಬುವ ಹೊಲಿಗೆಯನ್ನು ರೇಷ್ಮೆ ದಾರದಲ್ಲಿಯೇ ಹಾಕಬೇಕು ಎಂಬುದು ಅವರದೇ ನಿಯಮ. ಹೊಸೆದ ದಾರವಲ್ಲ, ಎಳೆ ಎಳೆಯಾಗಿ ಸಡಿಲ ಬಿಟ್ಟ ಹೊಳೆಯುವ ರೇಷ್ಮೆ. ಅವರು ಕಲಿತದ್ದು ಅದರಲ್ಲಿ. ನಾನು ಕಲಿತದ್ದೂ ಅದರಲ್ಲೇ. ಚಿಕ್ಕಮಗಳೂರು ಪೇಟೆಯಲ್ಲಿ ನಮ್ಮಪ್ಪನ ಜವಳಿ ಅಂಗಡಿಯಿತ್ತು, ರೇಷ್ಮೆ ಮುಟ್ಟಿ ಬೆಳೆದವಳು ನಾನು. ಆ ನಿಯಮದಲ್ಲಿ ಏನಾದರೂ ತಪ್ಪಿದೆ ಎಂದು ನನಗೆ ಹತ್ತು ವರ್ಷ ಹೊಳೆದೇ ಇರಲಿಲ್ಲ.

ಹೊಳೆಯುವಂತೆ ಮಾಡಿದವಳು ದೇವಕಿ.

ತೋಟದ ಹೆಂಗಸರಿಗೆಂದೇ ನಾವು ಭಾನುವಾರದ ಬ್ಯಾಚು ಇಟ್ಟಿದ್ದೆವು. ದೇವಕಿ ಅದರಲ್ಲಿ ಸೇರಿದಳು. ಬಣಕಲ್ ಹತ್ತಿರದ ಎಸ್ಟೇಟೊಂದರಲ್ಲಿ ಕೆಲಸ, ಅಲ್ಲೇ ಲೈನ್ ಮನೆಯಲ್ಲಿ ವಾಸ. ಲೈನ್ ಮನೆ ಎಂದರೆ ತೋಟದವರು ಕೆಲಸಗಾರರಿಗೆ ಕೊಡುವ ಸಾಲುಮನೆಯ ಒಂದು ಕೋಣೆ. ಆ ಕೋಣೆಯಿಂದ ಒಬ್ಬರಾದರೂ ಕೆಲಸಕ್ಕೆ ಬರುತ್ತಿರುವವರೆಗೆ ಇರಬಹುದು, ಇಲ್ಲವಾದರೆ ಬಿಡಬೇಕು. ಗಂಡ ಬಿಟ್ಟುಹೋಗಿ ಆರು ವರ್ಷವಾಗಿತ್ತು. ಅವನ ತಾಯಿ ಚೆನ್ನಮ್ಮ ಮಗನ ಹಿಂದೆ ಹೋಗದೆ ಸೊಸೆಯ ಜೊತೆಗೇ ಉಳಿದಿದ್ದರು. ಮಂಡಿ ನೋವಿನಿಂದ ಅವರಿಗೆ ತೋಟದ ಕೆಲಸ ಆಗುತ್ತಿರಲಿಲ್ಲ, ಬಾಯಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಆ ವರ್ಷ ಕಳಸದಲ್ಲಿ ನಮ್ಮ ಶಾಖೆ ತೆರೆಯುವುದೆಂದು ತೀರ್ಮಾನವಾಗಿತ್ತು. ಅಲ್ಲಿಗೆ ಒಬ್ಬ ಸಹಾಯಕಿ ಬೇಕು, ಪರೀಕ್ಷೆಯಲ್ಲಿ ಮೊದಲು ಬಂದವಳಿಗೆ ಆ ಕೆಲಸ, ಕಟ್ಟಡದ ಹಿಂದೆ ಇರಲು ಎರಡು ಕೋಣೆ. ಉಳಿದವರು ಕೆಲಸದ ಬಗ್ಗೆ ಕೇಳಿದರು. ದೇವಕಿ ಕೇಳಿದ್ದು ಕೋಣೆಗಳ ಬಗ್ಗೆ.

"ನನ್ನ ಕೈಕಾಲು ಗಟ್ಟಿ ಇರೋವರ್ಗೆ ಈ ಲೈನ್ ಮನೆ ಮೇಡಂ. ನಾನೊಂದು ತಿಂಗ್ಳು ಮಲಗಿಬಿಟ್ರೆ ಅತ್ತೇನ ಎಲ್ಲಿ ಕೂರಿಸ್ಲಿ? ರಸ್ತೆ ಮೇಲಾ?"

ಮೊದಲು ಬರುವ ಯೋಗ್ಯತೆ ಅವಳಿಗಿತ್ತು. ಒಂದೇ ಗೊಂಚಲಿನಲ್ಲಿ ಹಸಿರು ಬಿಟ್ಟು ಕೆಂಪು ಹಣ್ಣನ್ನಷ್ಟೇ ಬಿಡಿಸಿ ಬಿಡಿಸಿ ಕಣ್ಣು ಚುರುಕಾಗಿತ್ತು. ಎಲೆಯ ಯಾವ ಬದಿಗೆ ಗಾಢ ಬಣ್ಣ, ಯಾವ ಬದಿಗೆ ತೆಳು ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳ ಬಾಯನ್ನು ದಬ್ಬಣದಲ್ಲಿ ಹೊಲಿಯುವ ಕೆಲಸವೂ ಅವಳದೇ ಆದ್ದರಿಂದ ಕೈಗೆ ಒಂದು ಅಳತೆ ತಾನಾಗಿ ಬಂದಿತ್ತು. ಅವಳ ಸ್ಟೆಮ್ ಸ್ಟಿಚ್ಚಿನ ಮೇಲೆ ಜಯಲಕ್ಷ್ಮಮ್ಮನವರು ಸ್ಕೇಲು ಇಟ್ಟು, ಏನೂ ಹೇಳದೆ ಮುಂದಿನವಳ ಹತ್ತಿರ ಹೋಗಿದ್ದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ರೇಷ್ಮೆ ಹಿಡಿದಾಗ ಎಲ್ಲ ಕೆಟ್ಟಿತು. ಅವಳ ಬೆರಳ ತುದಿಗಳು ಒಡೆದಿದ್ದವು, ಅಂಗೈ ಗಟ್ಟಿಯಾಗಿತ್ತು. ಸಡಿಲ ರೇಷ್ಮೆಯ ಎಳೆಗಳು ಆ ಒಡಕುಗಳಿಗೆ ಸಿಕ್ಕಿಕೊಂಡು ಎದ್ದು ನಿಲ್ಲುತ್ತಿದ್ದವು. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಹೊಳೆಯುವ ಎಲೆಯ ಬದಲು ಕಂಬಳಿಹುಳ ಮಲಗಿದ ಹಾಗೆ ಕಾಣುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿಸಿದೆ, ಬಟ್ಟೆಗೆ ಕಲೆಯಾಯಿತು. ಸಕ್ಕರೆ ಹಾಕಿ ಉಜ್ಜಿಸಿದೆ, ಸೋಮವಾರ ತೋಟಕ್ಕೆ ಹೋದರೆ ಕೈ ಮತ್ತೆ ಮೊದಲಿನಂತೆಯೇ. ನವೆಂಬರಿನ ಒಂದು ಭಾನುವಾರ ನನಗೆ ತಾಳ್ಮೆ ತಪ್ಪಿತು.

"ಈ ಕೈ ಇಟ್ಕೊಂಡು ಆಗಲ್ಲ ದೇವಕಿ. ಪರೀಕ್ಷೆ ಮುಗಿಯೋವರ್ಗೆ ತೋಟದ ಕೆಲಸ ಬಿಡು. ಕೈ ಮೆತ್ತಗಾಗ್ಲಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಬೇಸರಕ್ಕೆ ಆಡಿದ ಮಾತು. ಮನೆಗೆ ಬಂದು ಊಟ ಮಾಡುವಷ್ಟರಲ್ಲಿ ಮರೆತೂ ಹೋಗಿತ್ತು. ಹೊಸಬರಿಗೆ ಒಂದು ವಿಷಯ ಹೇಳಬೇಕು. ನಿಮ್ಮ ಮುಂದೆ ಕೂತ ಹೆಂಗಸಿಗೆ ಮನೆಯಲ್ಲಿ, ತೋಟದಲ್ಲಿ, ಅಂಗಡಿಯಲ್ಲಿ ಎಲ್ಲರೂ ಹೇಳುವವರೇ. ಟೀಚರ್ ಹೇಳಿದ್ದನ್ನು ಅವಳು ತೂಗಿ ನೋಡುವುದಿಲ್ಲ, ಮಾಡಿಬಿಡುತ್ತಾಳೆ.

ಮುಂದಿನ ಎರಡು ಭಾನುವಾರ ದೇವಕಿ ಬರಲಿಲ್ಲ. ಮೂರನೆಯ ಭಾನುವಾರ ಅವಳ ಪಕ್ಕದ ಲೈನ್ ಮನೆಯ ಹೆಂಗಸೊಬ್ಬಳನ್ನು ಕೇಳಿದೆ.

"ಅವ್ಳಿಗೆ ಲೈನ್ ಮನೆ ಖಾಲಿ ಮಾಡೋಕೆ ಹೇಳಿದಾರಲ್ಲ ಮೇಡಂ."

"ಯಾಕೆ?"

ಅವಳು ನನ್ನನ್ನೇ ನೋಡಿದಳು. "ನೀವೇ ಹೇಳಿದ್ರಂತಲ್ಲ, ಕೆಲ್ಸ ಬಿಡು ಅಂತ."

ಸೂಜಿ ಚುಚ್ಚಿದರೆ ಆಗುವ ನೋವು ನನಗೆ ಚೆನ್ನಾಗಿ ಗೊತ್ತು. ಇದು ಹಾಗಿರಲಿಲ್ಲ. ಕಾಫಿ ಹಣ್ಣಾಗಿ ಎಲ್ಲ ತೋಟಗಳಲ್ಲೂ ಕೊಯ್ಲು ನಡೆಯುತ್ತಿದ್ದ ಸಮಯ ಅದು. ಕೆಲಸ ಬಿಡು ಎಂದು ಹೇಳಲು ವರ್ಷದಲ್ಲಿ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಮಲೆನಾಡಿನಲ್ಲಿ ಹುಟ್ಟಿ ಬೆಳೆದೂ ಆ ಮಾತು ಹೇಳಿದ್ದೆ ನಾನು.

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಬಣಕಲ್‌ನಲ್ಲಿ ಇಳಿದು ಎಸ್ಟೇಟಿಗೆ ನಡೆದೆ. ಲೈನ್ ಮನೆಯ ಮುಂದೆ ಚೆನ್ನಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ದೇವಕಿ ಒಳಗಿನಿಂದ ಬಂದವಳು ಮೊದಲು ತೋರಿಸಿದ್ದು ತನ್ನ ಅಂಗೈ.

"ಸ್ವಲ್ಪ ಮೆತ್ತಗಾಗಿದೆ ನೋಡಿ ಮೇಡಂ. ಕ್ಲಾಸಿಗೆ ಬರೋಕೆ ಆಗ್ಲಿಲ್ಲ, ಮನೆ ಹುಡುಕ್ತಾ ಇದ್ದೆ."

ಸೀದಾ ಸಾಹುಕಾರರ ಬಂಗಲೆಗೆ ಹೋದೆ. ತೋಟದ ಯಜಮಾನರು ವಯಸ್ಸಾದವರು, ಮರ್ಯಾದಸ್ಥರು. ಕೂರಿಸಿ ಕಾಫಿ ತರಿಸಿದರು.

"ಮೇಡಂ, ನಂಗೆ ಆ ಹೆಂಗಸಿನ ಮೇಲೆ ಎಂತ ದ್ವೇಷನೂ ಇಲ್ಲ. ಹಣ್ಣು ನೆಲಕ್ಕೆ ಉದುರ್ತಾ ಇದೆ, ಆಳಿಲ್ಲ. ಹಾಸನದ ಕಡೆಯಿಂದ ಒಂದು ಸಂಸಾರ ಬರ್ತೀನಿ ಅಂದಿದೆ, ಅವ್ರಿಗೆ ರೂಮು ಕೊಡ್ಬೇಕು. ನಿಮ್ಮ ಸ್ಟೂಡೆಂಟ್ ಕೈ ಮೆತ್ತಗಾಗೋವರ್ಗೆ ಹಣ್ಣು ಕಾಯುತ್ತಾ, ನೀವೇ ಹೇಳಿ?"

"ತಪ್ಪು ನಂದು ಸರ್. ನಾನೇ ಬಿಡು ಅಂದಿದ್ದು. ಪರೀಕ್ಷೆಗೆ ಇನ್ನು ಹನ್ನೆರಡು ದಿನ ಇದೆ. ಅಲ್ಲೀವರ್ಗೆ ಬಿಡಿ."

"ಆ ರೂಮಿಂದ ಒಬ್ರು ಕೆಲಸಕ್ಕೆ ಬರ್ಬೇಕು. ಯಾರಾದ್ರೂ ಸರಿ. ಅಷ್ಟೇ ನಂಗೆ ಬೇಕಿರೋದು."

"ಯಾರಾದ್ರೂ ಸರಿನಾ?"

"ಯಾರಾದ್ರೂ."

"ಹಾಗಾದ್ರೆ ನಾಳೆಯಿಂದ ನಾನು ಬರ್ತೀನಿ."

ಸಾಹುಕಾರರು ಲೋಟ ಕೆಳಗಿಟ್ಟರು. ನನ್ನ ಇಸ್ತ್ರಿ ಮಾಡಿದ ಸೀರೆ, ಕೈಗಡಿಯಾರ, ಚಪ್ಪಲಿ ಎಲ್ಲವನ್ನೂ ಒಂದು ಸಲ ನೋಡಿದರು. ನಕ್ಕರೆ ನಾನು ಎದ್ದು ಹೋಗಿಬಿಡುತ್ತಿದ್ದೆನೋ ಏನೋ. ಅವರು ನಗಲಿಲ್ಲ. "ಬೂಟು ಹಾಕ್ಕೊಂಡು ಬನ್ನಿ, ಜಿಗಣೆ ಕಮ್ಮಿಯಾಗಿದೆ, ಆದ್ರೂ ಇದೆ," ಎಂದರು. ಧೈರ್ಯದಿಂದ ಆಡಿದ ಮಾತಲ್ಲ ಅದು, ಸಿಟ್ಟಿನಿಂದ ಆಡಿದ್ದು. ಸಿಟ್ಟು ಯಾರ ಮೇಲೆ ಎಂದು ಕೇಳಿದ್ದರೆ ನನ್ನ ಮೇಲೆಯೇ ಎಂದು ಹೇಳುತ್ತಿದ್ದೆ.

ಜ್ವರ ಎಂದು ಬರೆದು ಕೇಂದ್ರಕ್ಕೆ ಹತ್ತು ದಿನದ ರಜಾ ಅರ್ಜಿ ಕಳಿ‌ಸಿದೆ. ಮಂಗಳವಾರ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೆಂಗಸರ ಸಾಲಿನಲ್ಲಿ ನಿಂತೆ. ದೇವಕಿ ಬೇಡವೆಂದು ಅತ್ತಳು. "ನೀನು ಒಳಗೆ ಕೂತು ಎಲೆ ತುಂಬು. ನನ್ನ ಹತ್ರ ವಾದ ಮಾಡ್ಬೇಡ," ಎಂದು ಗದರಿಸಿದೆ. ಊರಿಗೆಲ್ಲ ಇಂಚಿಗೆ ಎಂಟು ಎಂದು ಪಾಠ ಹೇಳುವವಳ ಕೊಯ್ಲು ಹೇಗಿತ್ತು ಅನ್ನುವಿರಾ? ಮೊದಲ ಗಿಡದಲ್ಲೇ ಕೆಂಪು, ಹಸಿರು, ಎಲೆ, ಕಡ್ಡಿ ಎಲ್ಲವನ್ನೂ ಕಿತ್ತು ಚೀಲಕ್ಕೆ ಹಾಕಿದ್ದೆ. ಮೇಸ್ತ್ರಿ ಬಂದು ಇಣುಕಿ ನೋಡಿ ತಲೆ ಚಚ್ಚಿಕೊಂಡ.

"ಹಸ್ರು ಕಾಯಿ ಕೀಳ್ಬೇಡಿ ಮಾರಾಯ್ರೆ! ನಿಮ್ಗೆ ಬೈಯೋಕೂ ಆಗಲ್ಲ, ಬಿಡೋಕೂ ಆಗಲ್ಲ. ನಂಗೆ ಎಂತ ಕರ್ಮ ಇದು!"

"ಬೈರಿ ಪರವಾಗಿಲ್ಲ. ನಾನೂ ದಿನಾ ಬೈಯೋಳೇ," ಎಂದೆ. ಸಾಲಿನ ಹೆಂಗಸರೆಲ್ಲ ನಕ್ಕರು. ಮಧ್ಯಾಹ್ನ ಚಗಳಿ ಇರುವೆಯ ಗೂಡಿಗೆ ಕೈ ಹಾಕಿದೆ. ಅವು ಕಚ್ಚಿದ್ದಕ್ಕಿಂತ ಹೆಂಗಸರು ನಕ್ಕಿದ್ದು ಜಾಸ್ತಿ. ಮೂರನೇ ದಿನಕ್ಕೆ ಹಣ್ಣಿನ ರಸ ಉಗುರುಸಂದಿಗೆ ಇಳಿದು ಕಪ್ಪಾಯಿತು. ಐದನೇ ದಿನಕ್ಕೆ ಬೆರಳ ತುದಿ ಬಿರಿಯಿತು. ಬೆಳಗಿನ ಇಬ್ಬನಿಯಲ್ಲಿ ನೆನೆದು, ಮಧ್ಯಾಹ್ನ ಒಣಗಿ, ಸಂಜೆಗೆ ಕೈ ಸುಡುತ್ತಿತ್ತು. ಆ ಹೆಂಗಸರು ಆ ಕೈಯಲ್ಲೇ ಮನೆಗೆ ಹೋಗಿ ಮೆಣಸಿನಕಾಯಿ ಅರೆಯುತ್ತಿದ್ದರು. ನನಗೆ ಅವರ ಬಗ್ಗೆ ಗೌರವ ಬಂತು ಎಂದು ಬರೆದರೆ ಅದು ಭಾಷಣವಾಗುತ್ತದೆ. ನನಗೆ ನಾಚಿಕೆಯಾಯಿತು. ಹತ್ತು ವರ್ಷ ಇಂಥ ಕೈಗಳಿಗೆ ರೇಷ್ಮೆ ಕೊಟ್ಟು, ಕೆಲಸ ಕೆಟ್ಟರೆ ಕೈಯನ್ನು ಬೈದಿದ್ದೆ.

ಒಂಬತ್ತನೇ ದಿನ ಕೆಲಸ ಮುಗಿಸಿ ಲೈನ್ ಮನೆಯ ಜಗಲಿಯ ಮೇಲೆ ಕೂತೆ. ಇನ್ನೂ ಬೆಳಕಿತ್ತು. ದೇವಕಿ ತನ್ನ ಬಟ್ಟೆ ತಂದು ಮುಂದಿಟ್ಟಳು. ಮೂರು ಎಲೆ, ಒಂದು ಹೂವು. ಗೆರೆ ಅಚ್ಚುಕಟ್ಟು, ಒಳಗೆ ತುಂಬಿದ್ದು ಮಾತ್ರ ಮೊದಲಿಗಿಂತ ಸ್ವಲ್ಪ ವಾಸಿ, ಅಷ್ಟೇ. ರೇಷ್ಮೆ ಇನ್ನೂ ಎದ್ದು ನಿಂತಿತ್ತು. ಇಷ್ಟು ವರ್ಷದ ಕೈ ಅಷ್ಟು ದಿನಕ್ಕೆ ಮೆತ್ತಗಾಗುತ್ತದೆಯೇ?

"ಕೊಡು ಇಲ್ಲಿ, ತೋರಿಸ್ತೀನಿ," ಎಂದು ಸೂಜಿ ತೆಗೆದುಕೊಂಡೆ. ದಾರ ಎಳೆದೆ. ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಎಳೆದೆ. ಎಳೆಗಳು ನನ್ನ ಹೆಬ್ಬೆರಳಿನ ಬಿರುಕಿಗೆ ಸಿಕ್ಕಿ ಕಿತ್ತುಬಂದವು. ಅವಳ ಕೈ ಮೆತ್ತಗಾಗಲು ಸಾಲದ ಆ ದಿನಗಳು ನನ್ನ ಕೈ ಒರಟಾಗಲು ಧಾರಾಳವಾಗಿ ಸಾಕಾಗಿದ್ದವು. ಅವಳ ಕಣ್ಣಲ್ಲಿ ನೀರು ಬಂತು.

ಬಾಗಿಲಲ್ಲಿ ಕೂತು ಎಲೆಅಡಿಕೆ ಜಗಿಯುತ್ತಿದ್ದ ಚೆನ್ನಮ್ಮನಿಗೆ ನೋಡಿ ನೋಡಿ ಸಾಕಾಗಿತ್ತು.

"ಅಲ್ಲ ಮಾರಾಯ್ತಿ, ಇಬ್ರೂ ಸೇರಿ ಆ ದಾರಾನ ಯಾಕೆ ಗೋಳು ಹೊಯ್ಕೊಳ್ತೀರಿ? ಪ್ಯಾಟೆ ಒಳಗೆ ಬೇರೆ ದಾರ ಸಿಕ್ಕೋದಿಲ್ವಾ?"

ಮಾರಾಯ್ತಿ ಅಂದದ್ದು ಸೊಸೆಗೋ ನನಗೋ ಎಂದು ಕೇಳಲು ಹೋಗಲಿಲ್ಲ. ನನ್ನ ಚೀಲದಲ್ಲಿ ಗಟ್ಟಿಯಾಗಿ ಹೊಸೆದ ಹತ್ತಿ ದಾರದ ಲಡಿಯೊಂದಿತ್ತು. ಕಲಿಯಲು ಬಂದವರಿಗೆ ಮೊದಲ ವಾರ ಕೈ ಪಳಗಿಸಲು ಕೊಡುವ ದಾರ. ಅದನ್ನು ದೇವಕಿಗೆ ಕೊಟ್ಟು, ಸ್ಯಾಟಿನ್ ಬಿಟ್ಟುಬಿಡು, ಎಲೆಯ ಅಂಚಿನಿಂದ ಶುರುಮಾಡಿ ಚೈನ್ ಸ್ಟಿಚ್ಚನ್ನೇ ಸಾಲು ಸಾಲಾಗಿ ಒತ್ತಿ ಹಾಕುತ್ತಾ ಒಳಗೆ ಬಾ ಎಂದೆ. ಗೆರೆಯ ಹೊಲಿಗೆಯಿಂದಲೇ ತುಂಬುವುದು. ಹೊಸೆದ ದಾರ ಅವಳ ಬೆರಳ ಮೇಲೆ ಎಲ್ಲಿಯೂ ನಿಲ್ಲಲಿಲ್ಲ. ಕತ್ತಲಾಗುವ ಮೊದಲೇ ಒಂದು ಎಲೆ ಮುಗಿಯಿತು. ಕಾಫಿ ಎಲೆಯ ನರಗಳ ಹಾಗೆ ಸಾಲುಗಳು ನಡುವಿಗೆ ಬಂದು ಕೂಡಿದ್ದವು. ಅದನ್ನು ನೋಡಿ ನನಗೆ ಆದ ಸಂತೋಷ ಬಹುಮಾನ ಬಂದ ದಿನವೂ ಆಗಿರಲಿಲ್ಲ. ಆದರೆ ನಿಯಮ ನಿಯಮವೇ. ಪರೀಕ್ಷೆಯಲ್ಲಿ ರೇಷ್ಮೆ, ಸ್ಯಾಟಿನ್.

ರಜೆ ಮುಗಿಸಿ ಕೇಂದ್ರಕ್ಕೆ ಹೋದ ದಿನ ಜಯಲಕ್ಷ್ಮಮ್ಮನವರು ಹಾಜರಿ ಪುಸ್ತಕ ನನ್ನ ಮುಂದೆ ತಳ್ಳಿದರು. ನಾನು ಸಹಿ ಹಾಕುವುದನ್ನೇ ನೋಡುತ್ತಿದ್ದರು.

"ಜ್ವರ ಕೈಗೆ ಬಂದಿತ್ತಾ?" ಎಂದರು.

ನಾನು ಪೆನ್ನಿನ ಮುಚ್ಚಳ ಹಾಕಿ ಪುಸ್ತಕವನ್ನು ಅವರ ಕಡೆಗೆ ಸರಿಸಿದೆ.

ಪರೀಕ್ಷೆಯ ದಿನ ದಾರ ಹಂಚುವ ಕೆಲಸ ಬೋಧಕಿಯದು. ಎಲ್ಲರಿಗೂ ರೇಷ್ಮೆ ಕೊಡುತ್ತ ಬಂದು ದೇವಕಿಯ ಮುಂದೆ ಹತ್ತಿಯ ಲಡಿ ಇಟ್ಟೆ. ಗೊತ್ತಿದ್ದೇ ಮಾಡಿದೆ. ಅವಳನ್ನು ಫೇಲು ಮಾಡಿದರೆ ಅದಕ್ಕೂ ನಾನೇ ಕಾರಣವಾಗುತ್ತೇನೆ ಎಂದೂ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು, ಆಮೇಲೆ ತಲೆ ತಗ್ಗಿಸಿ ಗೆರೆ ಶುರುಮಾಡಿದಳು.

ಮೂರು ಗಂಟೆಯ ಪರೀಕ್ಷೆ. ಎರಡನೇ ಗಂಟೆಗೆ ಜಯಲಕ್ಷ್ಮಮ್ಮನವರು ಸಾಲಿನಲ್ಲಿ ನಡೆದು ಬಂದರು. ದೇವಕಿಯ ಹತ್ತಿರ ನಿಂತರು. ಬಟ್ಟೆ ಎತ್ತಿಕೊಂಡು ದಾರವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಅವರಿಗೆ ಗೊತ್ತಾಗದ ದಾರ ಯಾವುದಿದೆ? ನಾನು ಕಿಟಕಿಯ ಕಡೆ ತಿರುಗಿದೆ. ಸ್ಕೇಲು ಮೇಜಿಗೆ ತಾಗಿದ ಸದ್ದಾಯಿತು. ಒಂದು ಸಾಲು ಅಳೆದರು, ಇನ್ನೊಂದು ಸಾಲು ಅಳೆದರು. ಬಟ್ಟೆಯನ್ನು ಅವಳ ಮುಂದಿಟ್ಟು ಮುಂದೆ ಹೋದರು.

ಮಧ್ಯಾಹ್ನ ಪರೀಕ್ಷಕರು ಬಟ್ಟೆಗಳನ್ನು ಮೇಜಿನ ಮೇಲೆ ಹರಡಿಕೊಂಡರು. ಅವರು ಚಿಕ್ಕಮಗಳೂರಿನಿಂದ ಬಂದಿದ್ದ ಹಳೆಯ ಡ್ರಾಯಿಂಗ್ ಮಾಸ್ತರರು. ದೇವಕಿಯ ಬಟ್ಟೆ ಎತ್ತಿ ಪಕ್ಕಕ್ಕೆ ಇಟ್ಟರು.

"ಚೆನ್ನಾಗಿದೆ. ಆದ್ರೆ ಇದು ಸ್ಯಾಟಿನ್ ಅಲ್ಲ, ದಾರನೂ ರೇಷ್ಮೆ ಅಲ್ಲ. ತುಂಬುವ ಹೊಲಿಗೆಗೆ ಮಾರ್ಕ್ಸ್ ಕೊಡೋಕಾಗಲ್ಲ."

ನಾನು ಬಾಯಿ ತೆರೆಯುವ ಮೊದಲೇ ಜಯಲಕ್ಷ್ಮಮ್ಮನವರು ಸ್ಕೇಲಿನಿಂದ ಆ ಬಟ್ಟೆಯನ್ನು ಮತ್ತೆ ಮೇಜಿನ ನಡುವಿಗೆ ಎಳೆದರು.

"ಉಗುರು ಹಾಕಿ ನೋಡಿ ಸರ್."

"ಏನು?"

"ಮೊದ್ಲು ಆ ರೇಷ್ಮೆ ಎಲೆಗೆ ಹಾಕಿ. ಆಮೇಲೆ ಇದಕ್ಕೆ."

ಅವರು ರೇಷ್ಮೆಯ ಎಲೆಯೊಂದನ್ನು ಉಗುರಿನಿಂದ ಕೆರೆದರು. ಮೂರು ಎಳೆ ಮೇಲೆದ್ದು ಬಂದವು. ದೇವಕಿಯ ಎಲೆ ಕೆರೆದರು. ಮತ್ತೆ ಕೆರೆದರು. ಏನೂ ಬರಲಿಲ್ಲ.

"ಕಳಸಕ್ಕೆ ಕಲಿಯೋಕೆ ಬರೋರೂ ತೋಟದ ಹೆಂಗಸ್ರೇ," ಎಂದರು ಜಯಲಕ್ಷ್ಮಮ್ಮನವರು. "ಅವ್ರ ಕೈಯಲ್ಲಿ ಯಾವ ದಾರ ನಡೆಯುತ್ತೆ ಅಂತ ಗೊತ್ತಿರೋಳು ಅಲ್ಲಿಗೆ ಬೇಕು. ಆ ರೇಷ್ಮೆ ನಿಯಮ ಬರೆದೋಳು ನಾನು. ಬದಲಾಯಿಸಿ ಅಂತ ನಾನೇ ಬರೀತೀನಿ. ಹೊಲಿಗೆ ಇಂಚಿಗೆ ಎಂಟಿದೆ, ಅಳೆದಿದೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವರು ವಿದ್ಯಾರ್ಥಿನಿಯರಿಗೆ ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ಅಂದು ಅವರೇ ನೆಲ ಡೊಂಕು ಎಂದು ಒಪ್ಪಿಕೊಂಡರು. ಹೊರಗೆ ಬಂದಾಗ ನಾನು ಏನೋ ಹೇಳಲು ಹೋದೆ. "ನಿಮ್ಮ ಜ್ವರದ ವಿಷಯ ಬೇರೆ," ಎಂದು ಹೇಳಿ ಅವರು ತಮ್ಮ ಕೋಣೆಗೆ ಹೋದರು.

ನನ್ನ ರಜೆ ಮುಗಿದಂದಿನಿಂದ ಫಲಿತಾಂಶ ಬರುವವರೆಗೆ, ಪರೀಕ್ಷೆಯ ದಿನ ಬಿಟ್ಟು, ದೇವಕಿಯೇ ಕೊಯ್ಲಿಗೆ ಹೋದಳು, ಲೈನ್ ಮನೆ ಉಳಿಯಿತು. ಜನವರಿಯಲ್ಲಿ ಒಂದೇ ದಿನ ಎರಡು ಕಾಗದ ಬಂದವು. ಒಂದರಲ್ಲಿ ದೇವಕಿ ಮೊದಲು ಬಂದಿದ್ದಳು. ಇನ್ನೊಂದು ನನಗೆ ಬಂದ ಮೆಮೊ. ಅನಾರೋಗ್ಯವೆಂದು ಸುಳ್ಳು ರಜೆ ಹಾಕಿ ಖಾಸಗಿ ತೋಟದಲ್ಲಿ ಕೆಲಸ ಮಾಡಿದ್ದೇಕೆ, ವಿವರಣೆ ಕೊಡಿ, ಸಹಿ ಜಯಲಕ್ಷ್ಮಮ್ಮ. ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆ. ಹತ್ತು ದಿನವನ್ನು ಸಂಬಳವಿಲ್ಲದ ರಜೆ ಮಾಡಿದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಎರಡು ಕಾಗದಗಳೂ ಸರಿಯಾಗಿಯೇ ಇದ್ದವು. ಮುಂದಿನ ವರ್ಷದಿಂದ ಪರೀಕ್ಷೆಗೆ ರೇಷ್ಮೆಯೇ ಆಗಬೇಕೆಂಬ ನಿಯಮ ಹೋಯಿತು. ಈಗ ಬ್ಲೌಸಿಗೆ ಆರಿ ವರ್ಕ್ ಬಂದಿದೆ, ಕಂಪ್ಯೂಟರ್ ಮಿಷನ್ನು ಬಂದಿದೆ, ನೀವು ಕಲಿಸುವುದು ಏನೇ ಇರಲಿ, ಮೊದಲ ದಿನ ಪ್ರತಿಯೊಬ್ಬಳ ಅಂಗೈ ಮುಟ್ಟಿ ನೋಡಿ. ದಾರ ಆಮೇಲೆ ಕೊಡಿ. ನನ್ನ ನೋಟ್ಸಿನಲ್ಲಿ ಈ ಒಂದು ಸಾಲು ಇರಲಿಲ್ಲ, ಅದಕ್ಕೇ ಅವನ್ನು ಸುಟ್ಟದ್ದಕ್ಕೆ ನನಗೆ ಬೇಸರವಿಲ್ಲ.

ಕಳಸದ ಶಾಖೆ ಶುರುವಾಗಿ ಎರಡು ತಿಂಗಳಿಗೆ ಕಟ್ಟಡದ ವರದಿ ಬರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಹೊರನಾಡಿಗೆ ಹೋಗುವ ಜನರಿಂದ ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಮುಂದಿನ ಕೋಣೆಯಲ್ಲಿ ದೇವಕಿಯ ತರಗತಿ ನಡೆಯುತ್ತಿತ್ತು, ತೊಂದರೆ ಕೊಡಬಾರದೆಂದು ಹಿಂದಕ್ಕೆ ಹೋದೆ. ವಾಸದ ಕೋಣೆಗಳಿಂದ ಬಡಿಯುವ ಸದ್ದು ಕೇಳುತ್ತಿತ್ತು. ಬಾಗಿಲು ತಳ್ಳಿದರೆ ಚೆನ್ನಮ್ಮ ಸ್ಟೂಲಿನ ಮೇಲೆ ನಿಂತು ರುಬ್ಬುಗುಂಡಿನಷ್ಟು ದಪ್ಪದ ಕಲ್ಲೊಂದರಿಂದ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಆಗಲೇ ಆರೇಳು ಮೊಳೆ ಹೊಡೆದಾಗಿತ್ತು. ಒಂದಕ್ಕೂ ಏನೂ ನೇತುಹಾಕಿರಲಿಲ್ಲ. ಸುಣ್ಣ ಉದುರಿ ನೆಲವೆಲ್ಲ ಬೆಳ್ಳಗಾಗಿತ್ತು.

"ಚೆನ್ನಮ್ಮ, ಮಂಡಿ ನೋವು ಇಟ್ಕೊಂಡು ಎಂತ ಮಾಡ್ತಿದೀರಿ? ಏನು ನೇತುಹಾಕೋಕೆ ಇಷ್ಟೊಂದು ಮೊಳೆ?"

"ಗೊತ್ತಿಲ್ಲ," ಎಂದರು ಅವರು ತಿರುಗಿಯೂ ನೋಡದೆ. "ನಲವತ್ತು ವರ್ಷ ಲೈನ್ ಮನೆಯಾಗೆ ಇದ್ದೆ. ಒಂದು ಮೊಳೆ ಹೊಡೆದ್ರೆ ತೋಟದ ಲೆಕ್ಕ ಬರೆಯೋ ರೈಟರ್ ಬಂದು ಬೈತಿದ್ರು, ಗೋಡೆ ನಿಮ್ದಲ್ಲ ಅಂತ. ಮೊದ್ಲು ಹೊಡಿತೀನಿ. ಏನು ಹಾಕೋದು ಅಂತ ಆಮೇಲೆ ನೋಡಿದ್ರಾಯ್ತು."

ನನ್ನ ಕೈಯಲ್ಲಿದ್ದ ವರದಿಯಲ್ಲಿ ಗೋಡೆಗಳ ಸ್ಥಿತಿ ಎಂಬ ಕಾಲಂ ಇತ್ತು. ಸ್ಟೂಲು ಅಲುಗಾಡದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ 'ಉತ್ತಮ' ಎಂದು ಬರೆದೆ.